ಬೆಂಗಳೂರಿನ ಬೀದಿಗಳು ಕೂಡಿದ ಬಗೆ

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಗೆ ಎರಡು ಬೀದಿಗಳೇ ಆಧಾರ: ಉತ್ತರ-ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ-ಪಶ್ಚಿಮವಾಗಿ ಚಿಕ್ಕಪೇಟೆ. ಇವು ಕೂಡುವ ಚೌಕದ ಸುತ್ತಮುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಕೇರಿ ಬೆಳೆಯಿತು. ಓಣಿಗಳು ಇಕ್ಕಟ್ಟಾಗಿದ್ದವು, ಅಂಕುಡೊಂಕಾಗಿದ್ದವು. ಆದರೂ ಒಂದು ಸಂದಿ ಹೊಕ್ಕವನು ಇನ್ನೊಂದು ಬೀದಿಗೆ ಬರಬಹುದಿತ್ತು. ಕಾಲ್ನಡಿಗೆಯ ಊರಿಗೆ ಅದು ತಕ್ಕ ಏರ್ಪಾಡು.

1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದಾಗ ಪೇಟೆಯ ಪೂರ್ವಕ್ಕೆ ಬೇರೆಯದೇ ಊರು ಎದ್ದಿತು. ಕವಾಯತು ಮೈದಾನ, ಅಗಲ ರಸ್ತೆಗಳು, ದೊಡ್ಡ ಕಾಂಪೌಂಡಿನ ಬಂಗಲೆಗಳು. ಎರಡು ಊರುಗಳ ಆಡಳಿತ ಒಂದೇ ನಗರಪಾಲಿಕೆಗೆ ಬಂದದ್ದು 1949ರಲ್ಲಿ.

ಬೀದಿ ಜೋಡಣೆಯ ಮಟ್ಟಿಗೆ ಬೆಂಗಳೂರು ಕಂಡ ಅತ್ಯುತ್ತಮ ಕೆಲಸಕ್ಕೆ ವೇಗ ಕೊಟ್ಟದ್ದು ಮಾತ್ರ ಒಂದು ಮಹಾಮಾರಿ. 1898ರ ಪ್ಲೇಗಿಗೆ ಪೇಟೆಯ ಜನ ತತ್ತರಿಸಿದಾಗ ಗಾಳಿ-ಬೆಳಕಿನ ಹೊಸ ಬಡಾವಣೆಗಳಾಗಿ ಮಲ್ಲೇಶ್ವರ, ಬಸವನಗುಡಿ ರೂಪುಗೊಂಡವು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಜೊತೆಜೊತೆಗೆ ಸಾಗುತ್ತವೆ. ಅವನ್ನು ಸಾಲುಸಾಲು ಕ್ರಾಸ್‌ಗಳು ಕತ್ತರಿಸುತ್ತವೆ. ಮನೆಗಳ ಹಿಂದೆ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಕಿರುಗಲ್ಲಿಗಳೂ ಇದ್ದವು. ಎಂಟನೇ ಕ್ರಾಸಿನಲ್ಲಿ ಜಾತ್ರೆಯಂತೆ ಜನ ಸೇರಿದರೆ ಏಳನೆಯದರಲ್ಲೋ ಒಂಬತ್ತನೆಯದರಲ್ಲೋ ಹೋದರಾಯಿತು. ಸ್ವಾತಂತ್ರ್ಯಾನಂತರದ ಜಯನಗರವೂ ಇದೇ ಮೇನ್-ಕ್ರಾಸ್ ಪದ್ಧತಿಯನ್ನು ದೊಡ್ಡದಾಗಿ ಮುಂದುವರಿಸಿತು.

ಇಲ್ಲೆಲ್ಲ ರಸ್ತೆ ಮೊದಲು, ಮನೆ ಆಮೇಲೆ. ನಗರ ಹಳ್ಳಿಗಳ ಹೊಲಗದ್ದೆಗೆ ಹಬ್ಬಿದಾಗ ಈ ಕ್ರಮ ತಲೆಕೆಳಗಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದರೂ ನಿವೇಶನದ ಬೇಡಿಕೆ ಅದರ ಕೈಮೀರಿತ್ತು. ರೈತರ ಜಮೀನು ಒಂದೊಂದು ಸರ್ವೆ ನಂಬರಿನ ಲೆಕ್ಕದಲ್ಲಿ ರೆವಿನ್ಯೂ ಸೈಟುಗಳಾಗಿ ಒಡೆಯಿತು. ಎರಡು ಎಕರೆಯವನು ತನ್ನ ಎರಡು ಎಕರೆಗೆ ಬೇಕಾದಷ್ಟು ರಸ್ತೆ ಬಿಟ್ಟ. ಅದು ಅವನ ಹೊಲದ ಬದುವಿಗೆ ಬಂದು ನಿಂತಿತು. ಪಕ್ಕದವನ ರಸ್ತೆ ಬೇರೆ ಕಡೆಯಿಂದ ಬಂದು ಅದೇ ಬದುವಿನಲ್ಲಿ ಮುಗಿಯಿತು. ನಡುವೆ ಎದ್ದ ಗೋಡೆಯಿಂದಾಗಿ ಹಿತ್ತಲಿಗೆ ಹಿತ್ತಲು ತಾಗಿದ ಮನೆಗಳಿಗೂ ಮುಖ್ಯರಸ್ತೆ ಬಳಸಿಯೇ ಹೋಗಬೇಕಾಯಿತು. ಕೆರೆ, ರಾಜಕಾಲುವೆ, ರೈಲುಹಳಿಗಳು ತೊಡಕನ್ನು ಹೆಚ್ಚಿಸಿದವು.

ಐಟಿ ಉದ್ಯಮ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯತ್ತ ಹರಡಿದ ಮೇಲೆ ಗೇಟು ಹಾಕಿದ ವಸತಿ ಸಮುಚ್ಚಯಗಳು ಬಂದವು. ಅವುಗಳ ಒಳರಸ್ತೆಗಳು ಚೊಕ್ಕಟ, ಆದರೆ ಊರಿಗೆ ದಕ್ಕುವುದಿಲ್ಲ. ಹಿಂದೆ ಎತ್ತಿನ ಬಂಡಿ ಸಾಗುತ್ತಿದ್ದ ಹಳ್ಳಿದಾರಿಗಳೇ ಸಾವಿರಾರು ಕಾರುಗಳನ್ನು ಹೊರಬೇಕಾಯಿತು. ಹೊರವರ್ತುಲ ರಸ್ತೆ ದೂರದ ಬಡಾವಣೆಗಳನ್ನು ಬೆಸೆಯಿತೇ ಹೊರತು ಅಕ್ಕಪಕ್ಕದ ಬೀದಿಗಳನ್ನಲ್ಲ. 2007ರಲ್ಲಿ ಸುತ್ತಲಿನ ನಗರಸಭೆಗಳೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ, ಬದುಗಳ ಮೇಲೆ ಆಗಲೇ ಮನೆಗಳಿದ್ದವು. ಕೂಡುರಸ್ತೆ ಬೇಕೆಂದರೆ ಅವನ್ನು ಕೊಂಡು ಕೆಡವಬೇಕಿತ್ತು.