ಕಮಾನು

ಬಿಲ್ಲು ಎಂಬರ್ಥದ ಪಾರಸಿ ‘ಕಮಾನ್’ ಶಬ್ದದಿಂದ ಬಂದ ಈ ಪದವು ಕನ್ನಡದಲ್ಲಿ ಬಾಗಿದ ದ್ವಾರವನ್ನಷ್ಟೇ ಅಲ್ಲದೆ, ವಾಹನದ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟನ್ನೂ ಸೂಚಿಸುತ್ತದೆ. ಮರಾಠಿಯಲ್ಲಿ ಇದೇ ಭಾಗಕ್ಕೆ ‘ಪಾಟಾ’ ಎಂದೂ ಹಿಂದಿಯಲ್ಲಿ ‘ಕಮಾನಿ’ ಎಂದೂ ಹೆಸರುಂಟು. 1947ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ನಾಲ್ಕೂ ಚಕ್ರಗಳಿಗೆ ಕಮಾನೇ ಆಧಾರವಾಗಿದ್ದರೆ, ಅದೇ ಸಂಸ್ಥೆಯ 2020ರ ಥಾರ್‌ನಲ್ಲಿ ಆ ಸ್ಥಾನವನ್ನು ಸುರುಳಿ ಸ್ಪ್ರಿಂಗ್ ಪಡೆದಿದೆ.

ಕಮಾನು ಪೂರ್ತಿ ಒತ್ತಿ ಚಕ್ರ ಮೇಲೇರಿದ ನೆಲೆಗೂ, ಭಾರ ಕಳಚಿ ಚಕ್ರ ಪೂರ್ತಿ ಇಳಿಬಿದ್ದ ನೆಲೆಗೂ ನಡುವಿನ ಲಂಬ ಅಂತರವನ್ನು ‘ಟ್ರಾವೆಲ್’ ಎನ್ನುತ್ತಾರೆ. ಎರಡೂ ನೆಲೆಗಳಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು, ಹೆಚ್ಚಿನದರಿಂದ ಕಡಿಮೆಯದನ್ನು ಕಳೆದರೆ ಇದು ದೊರೆಯುತ್ತದೆ. ಇಡೀ ವಾಹನದ ಬಾಗುವಿಕೆಯನ್ನು ಅಳೆಯಲು 20 ಡಿಗ್ರಿ ಇಳಿಜಾರಿನ ರ‍್ಯಾಂಪಿನ ಮೇಲೆ ಮುಂದಿನ ಒಂದೇ ಚಕ್ರವನ್ನು ಹತ್ತಿಸಿ, ಮತ್ತೊಂದು ಚಕ್ರ ನೆಲ ಬಿಡುವ ಮುನ್ನ ಅದು ಏರಿದ ಉದ್ದವನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರದಿಂದ, ಅಂದರೆ ವೀಲ್‌ಬೇಸಿನಿಂದ, ಭಾಗಿಸಿ 1000ದಿಂದ ಗುಣಿಸಿ ಸೂಚ್ಯಂಕವನ್ನು ಪಡೆಯಲಾಗುತ್ತದೆ: 2450 ಮಿ.ಮೀ. ವೀಲ್‌ಬೇಸಿನ ಥಾರ್ 1225 ಮಿ.ಮೀ. ಏರಿದರೆ ಸೂಚ್ಯಂಕ 500 ಆಗುತ್ತದೆ.