ಸ್ವಯಂಚಾಲಿತ ಲಾಗ್‌ಆಫ್

ಸ್ವಯಂಚಾಲಿತ ಲಾಗ್‌ಆಫ್ ಎಂದರೆ ನಿಗದಿತ ಅವಧಿಯವರೆಗೆ ಕೀಲಿಮಣೆ ಅಥವಾ ಮೌಸ್ ಬಳಸದಿದ್ದಾಗ ಗಣಕಯಂತ್ರವು ತಾನಾಗಿಯೇ ಬಳಕೆದಾರರ ಖಾತೆಯಿಂದ ಹೊರಬರುವ ವ್ಯವಸ್ಥೆ. ಮನೆಯ ಗಣಕಗಳಲ್ಲಿ ಈ ಹೆಸರಿನಿಂದ ಕರೆಯುವುದು ಸಾಮಾನ್ಯವಾಗಿ ಪರದೆಗೆ ಬೀಗ ಬೀಳುವುದನ್ನೇ. ಇವೆರಡೂ ಒಂದೇ ಅಲ್ಲ. ಬೀಗ ಬಿದ್ದಾಗ ತೆರೆದ ಕಡತಗಳು ಹಾಗೆಯೇ ಉಳಿಯುತ್ತವೆ; ಲಾಗ್‌ಆಫ್ ಆದರೆ ತಂತ್ರಾಂಶಗಳು ಮುಚ್ಚಿಕೊಂಡು, ಉಳಿಸದ ಬರಹ ನಷ್ಟವಾಗಬಹುದು.

ವಿಂಡೋಸ್ 10 ಮತ್ತು 11ರಲ್ಲಿ ಗುಪ್ತಪದವನ್ನೂ ಪಿನ್ ಸಂಖ್ಯೆಯನ್ನೂ 'ಸೆಟ್ಟಿಂಗ್ಸ್'ನ 'ಅಕೌಂಟ್ಸ್' ವಿಭಾಗದಲ್ಲಿರುವ 'ಸೈನ್-ಇನ್ ಆಪ್ಷನ್ಸ್' ಮೂಲಕ ಬದಲಾಯಿಸಬಹುದು. ಪಿನ್ ಆ ಒಂದು ಗಣಕಕ್ಕೆ ಮಾತ್ರ ಸೀಮಿತ. ಬೀಗ ಬೀಳುವ ಅವಧಿಯನ್ನು 'ಸ್ಕ್ರೀನ್ ಸೇವರ್' ವಿಭಾಗದಲ್ಲಿ ನಿಮಿಷಗಳಲ್ಲಿ ನಮೂದಿಸಿ, ಮರಳಿದಾಗ ಲಾಗ್‌ಆನ್ ಪರದೆ ತೋರಿಸುವ ಆಯ್ಕೆಗೆ ಗುರುತು ಹಾಕಬೇಕು. ವಿಂಡೋಸ್ ಕೀಲಿಯೊಂದಿಗೆ 'ಎಲ್' ಒತ್ತಿದರೆ ತಕ್ಷಣವೇ ಬೀಗ ಬೀಳುತ್ತದೆ.

ಕನ್ನಡ ಬಳಕೆದಾರರಿಗೆ ಇಲ್ಲಿ ಒಂದು ತೊಡಕಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳು ಖಾತೆಯೊಳಗೆ ಪ್ರವೇಶಿಸಿದ ನಂತರವೇ ಕೆಲಸ ಮಾಡುವುದರಿಂದ ಅವುಗಳ ನೆರವಿನಿಂದ ಗುಪ್ತಪದವನ್ನು ಟೈಪಿಸಲಾಗದು. ವಿಂಡೋಸ್‌ನದೇ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡಿದ್ದರೆ ಲಾಗ್‌ಆನ್ ಪರದೆಯಲ್ಲಿ ಭಾಷಾಸೂಚಕ ಕಾಣುತ್ತದೆ. ಅದು ಕನ್ನಡದಲ್ಲಿರುವಾಗ ಇಂಗ್ಲಿಷ್ ಗುಪ್ತಪದವನ್ನು ಸರಿಯಾಗಿ ಒತ್ತಿದರೂ ತಪ್ಪೆಂದೇ ತಿರಸ್ಕೃತವಾಗುತ್ತದೆ; ಚುಕ್ಕೆಗಳಷ್ಟೇ ಕಾಣುವುದರಿಂದ ಗುಪ್ತಪದವೇ ಮರೆತುಹೋಯಿತೆಂದು ಭಾವಿಸುವುದು ಸಹಜ.

ಮತ್ತೊಬ್ಬರ ಗುಪ್ತಪದವನ್ನು ವಂಚನೆಯಿಂದ ಬಳಸುವುದು ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನನ್ವಯ 3 ವರ್ಷಗಳವರೆಗಿನ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.