ಮೂರ್ಛೆರೋಗ ಮತ್ತು ಸಕ್ಕರೆ ಕಾಯಿಲೆ: ನಂಟಿನ ಇತಿಹಾಸ

ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹದ ತಪ್ಪಿ ಸೆಳವು ಮತ್ತೆ ಮತ್ತೆ ಬರುವುದು ಮೂರ್ಛೆರೋಗ. ಶಾಸ್ತ್ರಗ್ರಂಥಗಳಲ್ಲಿ ಅಪಸ್ಮಾರ, ಆಡುಮಾತಿನಲ್ಲಿ ಫಿಟ್ಸ್. ಇನ್ಸುಲಿನ್ ಸಾಲದೆ ಅಥವಾ ಅದು ಕೆಲಸ ಮಾಡದೆ ರಕ್ತದಲ್ಲಿ ಗ್ಲೂಕೋಸ್ ಏರುವುದು ಸಕ್ಕರೆ ಕಾಯಿಲೆ, ಅಂದರೆ ಮಧುಮೇಹ. ಮೊದಲನೆಯದು ನರರೋಗ ವೈದ್ಯರ ಪಾಲಿಗೆ, ಎರಡನೆಯದು ಸಕ್ಕರೆ ವೈದ್ಯರ ಪಾಲಿಗೆ ಹಂಚಿಹೋಗಿವೆ. ಆದರೆ ನೂರು ವರ್ಷಗಳಿಂದಲೂ ವೈದ್ಯಶಾಸ್ತ್ರದಲ್ಲಿ ಇವೆರಡೂ ಪದೇಪದೇ ಸಂಧಿಸಿವೆ. ರಕ್ತದ ಸಕ್ಕರೆ ತೀರಾ ಇಳಿದರೂ ಸೆಳವು ಬರುತ್ತದೆ, ತೀರಾ ಏರಿದರೂ ಬರುತ್ತದೆ. ಈ ಒಂದು ತಿಳಿವಳಿಕೆ ಆಸ್ಪತ್ರೆಯ ಬಾಗಿಲಲ್ಲಿ ಜೀವ ಉಳಿಸಬಲ್ಲದು. ಎರಡೂ ಕಾಯಿಲೆಗಳ ಸರ್ಕಾರಿ ಕಾರ್ಯಕ್ರಮಗಳು ಆರಂಭದ ಹಂತದಲ್ಲೇ ತಲುಪಿದ ಕೋಲಾರ ಜಿಲ್ಲೆಗೆ ಕರ್ನಾಟಕದ ಮಟ್ಟಿಗೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ.

ಪ್ರಾಚೀನ ತಿಳಿವಳಿಕೆ

ಚರಕಸಂಹಿತೆಯ ನಿದಾನಸ್ಥಾನದಲ್ಲಿ ಎಂಟು ಅಧ್ಯಾಯಗಳಿವೆ. ನಾಲ್ಕನೆಯದು ಪ್ರಮೇಹದ್ದು, ಎಂಟನೆಯದು ಅಪಸ್ಮಾರದ್ದು. ಪ್ರಮೇಹವನ್ನು 20 ಬಗೆಯೆಂದು, ಅಪಸ್ಮಾರವನ್ನು ನಾಲ್ಕು ಬಗೆಯೆಂದು ಅಲ್ಲಿ ವಿಂಗಡಿಸಲಾಗಿದೆ. ಮಧುಮೇಹ ಆ 20ರಲ್ಲಿ ಒಂದು. ಎರಡು ರೋಗಗಳ ಹುಟ್ಟನ್ನೂ ದಕ್ಷಯಜ್ಞದ ಭಂಗಕ್ಕೆ ಸೇರಿಸಿ ಹೇಳಲಾಗಿದೆ. ಹವಿಸ್ಸು ತಿಂದದ್ದರಿಂದ ಮೇಹ ಹುಟ್ಟಿತು, ಅಶುಚಿ ಭೂತಗಳ ಸೋಂಕಿನಿಂದ ಅಪಸ್ಮಾರ ಹುಟ್ಟಿತು ಎಂಬುದು ಅಲ್ಲಿಯ ಕಥೆ. ಹೀಗೆ ಒಂದು ಊಟದ ರೋಗವಾಯಿತು, ಇನ್ನೊಂದು ಸೋಂಕಿನ ರೋಗವಾಯಿತು. ಚರಕ ಅಪಸ್ಮಾರಕ್ಕೆ ದೋಷಗಳ ವಿವರಣೆ ಕೊಟ್ಟು ಔಷಧಿಯನ್ನೂ ಹೇಳಿದ್ದಾನೆ. ಆದರೂ ಜನರ ನಡುವೆ ಉಳಿದದ್ದು ಗಾಳಿ ಸೋಕಿತು, ಗ್ರಹ ಹಿಡಿಯಿತು ಎಂಬ ಮಾತೇ. ಗ್ರೀಸಿನಲ್ಲಿ ಕ್ರಿ.ಪೂ. 400ರ ಸುಮಾರಿಗೆ ಹಿಪೊಕ್ರೆಟಿಸನ ಪರಂಪರೆಯ ಗ್ರಂಥವೊಂದು ಇದು ದೇವರ ಶಾಪವಲ್ಲ, ಮಿದುಳಿನ ರೋಗ ಎಂದು ವಾದಿಸಿತು. ಅಲ್ಲಿಯೂ ಜನರ ಭಯ ಬೇಗ ಹೋಗಲಿಲ್ಲ.

1921: ಒಂದೇ ವರ್ಷದ ಎರಡು ಬೆಳವಣಿಗೆಗಳು

ಇನ್ಸುಲಿನ್ ಸಿಗುವ ಮುನ್ನ ಸಕ್ಕರೆ ಕಾಯಿಲೆಯ ಮಕ್ಕಳನ್ನು ಉಪವಾಸ ಕೆಡವಿ ದಿನ ನೂಕುತ್ತಿದ್ದರು. ಅಮೆರಿಕದ ಫ್ರೆಡರಿಕ್ ಆಲನ್ ಈ ಪಥ್ಯಕ್ಕೆ ಹೆಸರಾದವರು. ಇತ್ತ 1911ರಲ್ಲಿ ಪ್ಯಾರಿಸಿನ ಗೆಲ್ಪಾ ಮತ್ತು ಮಾರೀ ಉಪವಾಸದಿಂದ ಮೂರ್ಛೆ ಕಡಿಮೆಯಾಗುತ್ತದೆ ಎಂದು ವರದಿ ಮಾಡಿದ್ದರು. 1921ರಲ್ಲಿ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಎರಡನ್ನೂ ಕೂಡಿಸಿದರು. ಅವರು ಸಕ್ಕರೆ ಕಾಯಿಲೆಯ ತಜ್ಞರು. ಉಪವಾಸವಿದ್ದಾಗ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ವಸ್ತುಗಳನ್ನು ಮಾಡುತ್ತದೆ. ಹಿಟ್ಟಿನ ಪದಾರ್ಥ ಬಹುಪಾಲು ಬಿಟ್ಟು ಕೊಬ್ಬನ್ನೇ ಉಣಿಸಿದರೆ ಉಪವಾಸವಿಲ್ಲದೆಯೂ ಅದೇ ಸ್ಥಿತಿ ಬರುತ್ತದೆ ಎಂದು ಅವರು ಸೂಚಿಸಿದರು. ಅಲ್ಲಿಯೇ ಇದ್ದ ಮಕ್ಕಳ ವೈದ್ಯ ಪೀಟರ್‌ಮನ್ ಅದಕ್ಕೆ ಅಳತೆ ಕಟ್ಟಿದರು: ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪ್ರೋಟೀನ್, ದಿನಕ್ಕೆ 10ರಿಂದ 15 ಗ್ರಾಂ ಪಿಷ್ಟ, ಉಳಿದದ್ದೆಲ್ಲ ಕೊಬ್ಬು. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆಗೆ ಈ ಕೀಟೋಜನಿಕ್ ಪಥ್ಯ ಇಂದಿಗೂ ಬಳಕೆಯಲ್ಲಿದೆ. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಮಾಡಬೇಕು. ಇನ್ಸುಲಿನ್ ಅವಲಂಬಿತರಿಗಂತೂ ಕೀಟೋನ್ ಮಿತಿಮೀರಿದರೆ ಪ್ರಾಣಾಪಾಯ.

ಅದೇ 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಅದನ್ನು ಶುದ್ಧಗೊಳಿಸುವ ಕೆಲಸಕ್ಕೆ ಬಂದ ಕಾಲಿಪ್, ರಸವನ್ನು ಮೊಲಗಳಿಗೆ ಚುಚ್ಚಿ ನೋಡುತ್ತಿದ್ದರು. ಪ್ರಮಾಣ ಹೆಚ್ಚಾದಾಗ ಮೊಲ ಕೈಕಾಲು ಸೆಟೆದು ಒದ್ದಾಡುತ್ತಿತ್ತು. ಗ್ಲೂಕೋಸ್ ಕೊಟ್ಟೊಡನೆ ಎದ್ದು ಓಡಾಡುತ್ತಿತ್ತು. ಇನ್ಸುಲಿನ್ನಿನ ಮೊದಲ ಅಳತೆ ಹುಟ್ಟಿದ್ದೂ ಹೀಗೆಯೇ. ಉಪವಾಸವಿದ್ದ ಮೊಲದ ರಕ್ತದ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ ಸುಮಾರು 45 ಮಿಲಿಗ್ರಾಂಗೆ, ಇಳಿಸುವಷ್ಟು ಇನ್ಸುಲಿನ್ ಒಂದು ಯೂನಿಟ್ ಎನಿಸಿತು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಬಿದ್ದಿತು. ಸಕ್ಕರೆ ಕಾಯಿಲೆಯ ಚಿಕಿತ್ಸೆಯ ಹಿಂದೆಯೇ ಸೆಳವಿನ ಎಚ್ಚರಿಕೆಯೂ ಮನೆಮನೆಗೆ ಬಂದಿತು.

ಬೆಂಗಳೂರಿನ ಅಧ್ಯಾಯ

1933ರ ಸುಮಾರಿಗೆ ವಿಯೆನ್ನಾದ ಮಾನ್‌ಫ್ರೆಡ್ ಸಾಕೆಲ್, ಮನೋರೋಗಿಗಳಿಗೆ ಇನ್ಸುಲಿನ್ ಕೊಟ್ಟು ಬೇಕೆಂದೇ ಪ್ರಜ್ಞೆ ತಪ್ಪಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಆ ದಶಕದ ಕೊನೆಗೆ ಇದು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೂ ಬಂದಿತು. ಅದನ್ನು ನಡೆಸಿದ ಡಾ. ಎಂ. ವಿ. ಗೋವಿಂದಸ್ವಾಮಿ ಮುಂದೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. 1974ರಲ್ಲಿ ಈ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಸಕ್ಕರೆ ಇಳಿದಾಗ ರೋಗಿ ಬೆವರುವುದು, ತಡವರಿಸುವುದು, ಮಂಕಾಗುವುದು, ಕೆಲವೊಮ್ಮೆ ಸೆಳೆತಕ್ಕೆ ಹೋಗುವುದು ಈ ಚಿಕಿತ್ಸೆಯಲ್ಲಿ ಕಣ್ಣಮುಂದೆಯೇ ನಡೆಯುತ್ತಿತ್ತು. ಅಪಾಯ ಹೆಚ್ಚು, ಫಲ ಕಡಿಮೆ ಎಂದು ಕಂಡುಬಂದ ಮೇಲೆ ಜಗತ್ತಿನೆಲ್ಲೆಡೆ ಇದನ್ನು ಕೈಬಿಡಲಾಯಿತು.

ಸಕ್ಕರೆ ಏರಿದಾಗಿನ ಸೆಳವು

1965ರಲ್ಲಿ ಮಕಾರಿಯೊ ಮತ್ತು ಸಂಗಡಿಗರು ಇನ್ನೊಂದು ಮುಖವನ್ನು ವಿವರಿಸಿದರು. ಸಕ್ಕರೆ ವಿಪರೀತ ಏರಿ ಕೀಟೋನ್ ಹೆಚ್ಚಾಗದಿದ್ದಾಗ ದೇಹದ ಒಂದೇ ಭಾಗ, ಒಂದು ಕೈ ಅಥವಾ ಮುಖದ ಒಂದು ಬದಿ, ಅದುರತೊಡಗುತ್ತದೆ. ಕೆಲವರಲ್ಲಿ ಗಂಟೆಗಟ್ಟಲೆ ನಿಲ್ಲುವುದಿಲ್ಲ. ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತೇ ಇಲ್ಲದ ಹಿರಿಯರಿಗೆ ಇದೇ ಮೊದಲ ಲಕ್ಷಣವಾಗಬಹುದು. ಫೆನಿಟಾಯಿನ್ ಎಂಬ ಮೂರ್ಛೆ ಮಾತ್ರೆಗೆ ಈ ಸೆಳವು ಸಾಮಾನ್ಯವಾಗಿ ಬಗ್ಗುವುದಿಲ್ಲ; ಆ ಔಷಧಿ ಇನ್ಸುಲಿನ್ ಸ್ರಾವವನ್ನೇ ತಗ್ಗಿಸಿ ಸಕ್ಕರೆಯನ್ನು ಇನ್ನಷ್ಟು ಏರಿಸಬಹುದು. ಡ್ರಿಪ್ ಹಾಕಿ ನೀರಿನಂಶ ತುಂಬಿ, ಇನ್ಸುಲಿನ್ ಕೊಟ್ಟರೆ ಅದುರುವುದು ನಿಲ್ಲುತ್ತದೆ. ಅಂಥವರಿಗೆ ಜೀವನಪೂರ್ತಿ ಮೂರ್ಛೆ ಮಾತ್ರೆ ಬೇಕಾಗುವುದು ಅಪರೂಪ. ಸಕ್ಕರೆ ಪರೀಕ್ಷಿಸದೆ ಇದನ್ನು ಮೂರ್ಛೆರೋಗವೆಂದು ಬರೆದುಬಿಟ್ಟರೆ ರೋಗಿಗೆ ಬೇಡದ ಮಾತ್ರೆಯೂ ಬೇಡದ ಹಣೆಪಟ್ಟಿಯೂ ಅಂಟಿಕೊಳ್ಳುತ್ತವೆ.

ಪ್ರತಿಕಾಯ ಮತ್ತು ವಂಶವಾಹಿ

1988ರಲ್ಲಿ ಸೊಲಿಮೆನಾ ಮತ್ತು ಸಂಗಡಿಗರು, ಸ್ನಾಯುಗಳು ಸೆಟೆದುಕೊಳ್ಳುವ ಅಪರೂಪದ ರೋಗ, ಮೂರ್ಛೆರೋಗ ಮತ್ತು ಒಂದನೇ ಬಗೆಯ ಸಕ್ಕರೆ ಕಾಯಿಲೆ ಮೂರೂ ಇದ್ದ ರೋಗಿಯ ರಕ್ತದಲ್ಲಿ ಜಿಎಡಿ ಎಂಬ ಕಿಣ್ವದ ವಿರುದ್ಧ ಪ್ರತಿಕಾಯಗಳನ್ನು ಕಂಡರು. ಇದು ಮಿದುಳನ್ನು ಶಾಂತವಾಗಿಡುವ ಗಾಬಾ ರಾಸಾಯನಿಕವನ್ನು ತಯಾರಿಸುವ ಕಿಣ್ವ. ಇನ್ಸುಲಿನ್ ಸ್ರವಿಸುವ ಕೋಶಗಳಲ್ಲಿಯೂ ಇದೆ. 2004ರಲ್ಲಿ ಕೆಸಿಎನ್‌ಜೆ11 ಎಂಬ ವಂಶವಾಹಿಯ ದೋಷ ಪತ್ತೆಯಾಯಿತು. ಅದರ ತೀವ್ರ ರೂಪದಲ್ಲಿ ಹಸುಗೂಸಿಗೆ ಸಕ್ಕರೆ ಕಾಯಿಲೆ, ಬೆಳವಣಿಗೆಯ ಹಿನ್ನಡೆ ಮತ್ತು ಸೆಳವು ಒಟ್ಟಿಗೇ ಬರುತ್ತವೆ. ಇಂಥ ಹಲವು ಮಕ್ಕಳಿಗೆ ಚುಚ್ಚುಮದ್ದಿನ ಬದಲು ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆಯೇ ಸಾಕೆಂದು 2006ರಲ್ಲಿ ತೋರಿಸಲಾಯಿತು. ಒಂದನೇ ಬಗೆಯ ಸಕ್ಕರೆ ಕಾಯಿಲೆ ಇರುವವರಲ್ಲಿ ಮೂರ್ಛೆರೋಗದ ಸಂಭವ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚೆಂದು ಮುಂದಿನ ಜನಸಮುದಾಯ ಅಧ್ಯಯನಗಳು ಹೇಳಿವೆ.

ಕರ್ನಾಟಕ, ಕೋಲಾರ ಮತ್ತು ನಂಗಲಿ

ಮೂರ್ಛೆರೋಗವನ್ನು ಹಳ್ಳಿಯಲ್ಲೇ ಕಡಿಮೆ ಬೆಲೆಯ ಮಾತ್ರೆಗಳಿಂದ ಹತೋಟಿಗೆ ತರಬಹುದೆಂದು ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರ ಯಳಂದೂರು ಅಧ್ಯಯನ ತೋರಿಸಿತು. 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್‌ನ ಬೆಂಗಳೂರು ಸಮೀಕ್ಷೆ 1,02,557 ಜನರನ್ನು ಒಳಗೊಂಡಿತ್ತು. ಸಾವಿರ ಜನರಲ್ಲಿ ಪಟ್ಟಣದ ಕಡೆ 5.7 ಮಂದಿಗೆ, ಹಳ್ಳಿಯ ಕಡೆ 11.9 ಮಂದಿಗೆ ಮೂರ್ಛೆರೋಗವಿತ್ತು. ಸಕ್ಕರೆ ಕಾಯಿಲೆಯಾದರೆ ದೇಶದ ವಯಸ್ಕರಲ್ಲಿ ಶೇಕಡಾ 11.4 ಜನರಿಗಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು.

2010ರಲ್ಲಿ ಆರಂಭವಾದ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ ಮತ್ತು ಪಾರ್ಶ್ವವಾಯು ತಡೆಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮೊದಲ ಹಂತದಲ್ಲಿ ಆಯ್ಕೆಯಾದ 100 ಜಿಲ್ಲೆಗಳಲ್ಲಿ ಕೋಲಾರವೂ ಒಂದು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಕೂಡಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಪ್ರಾಯೋಗಿಕವಾಗಿ ತೊಡಗಿಸಿದಾಗಲೂ ಚಿಕ್ಕಬಳ್ಳಾಪುರ, ಬೆಂಗಳೂರಿನ ಜೊತೆಗೆ ಕೋಲಾರ ಸೇರಿತ್ತು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ರೋಗಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುರುತಿಸಲು ವೈದ್ಯರಿಗೆ ತರಬೇತಿ ಕೊಡುವುದು, ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಕ್ಲಿನಿಕ್ ತೆರೆಯುವುದು ಅದರ ಗುರಿ.

ಮುಳಬಾಗಿಲು ತಾಲ್ಲೂಕಿನ ನಂಗಲಿ ಆಂಧ್ರದ ಗಡಿಗೆ ಅಂಟಿದ ಹೆದ್ದಾರಿ ಊರು. ದೊಡ್ಡ ಕಾಯಿಲೆಯೆಂದರೆ ಈ ಸೀಮೆಯವರು ಪಶ್ಚಿಮಕ್ಕೆ ಹೊರಟು ಕೋಲಾರದ ಜಿಲ್ಲಾಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸೇರಬಹುದು; ಪೂರ್ವಕ್ಕೆ ಹೊರಟರೆ ವೆಲ್ಲೂರಿನ ಸಿಎಂಸಿ ಇದೆ. 1949ರಲ್ಲಿ ಡಾ. ಜೇಕಬ್ ಚಾಂಡಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದದ್ದು ಅಲ್ಲಿಯೇ. ಇಂಥ ಗಡಿಸೀಮೆಯಲ್ಲಿ ಮೂರ್ಛೆಯ ಚೀಟಿ ಒಂದು ಊರಿನದು, ಸಕ್ಕರೆಯ ಚೀಟಿ ಇನ್ನೊಂದು ಊರಿನದು ಆಗುವುದು ಸುಲಭ. ಅದರ ಮೇಲೆ ಸಂಕೋಚ ಬೇರೆ. ಟೀ ಅಂಗಡಿಯಲ್ಲಿ "ನಂಗೆ ಶುಗರ್ ಇದೆ, ಸಕ್ಕರೆ ಹಾಕ್ಬೇಡಿ" ಎಂದು ಜೋರಾಗಿ ಹೇಳುವ ನಮ್ಮ ಜನ ಮಗಳ ಫಿಟ್ಸ್ ವಿಷಯವನ್ನು ನೆಂಟರಿಗೂ ತಿಳಿಸುವುದಿಲ್ಲ. ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಹೇಳುತ್ತಿದ್ದ ಹಿಂದೂ ವಿವಾಹ ಕಾಯಿದೆಯ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಮನಸ್ಸಿನಿಂದ ಅದು ಇನ್ನೂ ಹೋಗಬೇಕು. ಮುಚ್ಚಿಟ್ಟ ಕಾಯಿಲೆ ವೈದ್ಯರ ಕಿವಿಗೆ ಬೀಳದಿದ್ದರೆ ಎರಡು ಚೀಟಿಗಳ ಔಷಧಿಗಳು ಒಂದಕ್ಕೊಂದು ತೊಡಕಾಗುತ್ತವೆ. ಮೂರ್ಛೆಯ ಔಷಧಿ ವ್ಯಾಲ್ಪ್ರೊಯೇಟ್ ತೂಕ ಏರಿಸಿ ಇನ್ಸುಲಿನ್ನಿನ ಕೆಲಸ ಕುಂದಿಸಬಹುದು. ಫೆನಿಟಾಯಿನ್ ಸಕ್ಕರೆ ಏರಿಸಬಹುದು.

ಆರೈಕೆಯ ಕ್ರಮ

ಸೆಳವು ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ಇಡುವುದು, ಪ್ರಜ್ಞೆಯಿಲ್ಲದವರಿಗೆ ಸಕ್ಕರೆ ನೀರು ಹಾಕುವುದು ಕೂಡದು. ಐದು ನಿಮಿಷ ದಾಟಿದರೆ, ಅಥವಾ ಅವರು ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಗ್ಲೂಕೋಮೀಟರ್ ಪಟ್ಟಿಗೆ ಒಂದು ಹನಿ ರಕ್ತ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಸಿಗುತ್ತದೆ. ಸಕ್ಕರೆ ಇಳಿದಿದ್ದರೆ ರಕ್ತನಾಳಕ್ಕೆ ಗ್ಲೂಕೋಸ್, ವಿಪರೀತ ಏರಿದ್ದರೆ ಡ್ರಿಪ್ ಮತ್ತು ಇನ್ಸುಲಿನ್. ಎರಡೂ ಅಲ್ಲವಾದರೆ ಮುಂದಿನ ತಪಾಸಣೆ. ಸಕ್ಕರೆ ಕಾಯಿಲೆಯ ತಾಯಂದಿರಿಗೆ ಹುಟ್ಟಿದ ಮಕ್ಕಳಿಗೂ ಇದೇ ಕಾಳಜಿ ಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ತೀರಾ ಇಳಿದು ಮಿದುಳಿಗೆ ಪೆಟ್ಟಾದರೆ ಅದು ಮುಂದೆ ಮೂರ್ಛೆರೋಗಕ್ಕೆ ಕಾರಣವಾಗಬಹುದು. ಹೊತ್ತಿಗೆ ಸರಿಯಾಗಿ ಎದೆಹಾಲು, ಹೊತ್ತಿಗೆ ಸರಿಯಾಗಿ ರಕ್ತಪರೀಕ್ಷೆ ನಡೆದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಸಕ್ಕರೆಯ ತಪಾಸಣೆಗೂ ಮೂರ್ಛೆಯ ತಪಾಸಣೆಗೂ ಒಂದೇ ಆರೋಗ್ಯ ಕೇಂದ್ರ, ಒಂದೇ ದಾಖಲೆ ಎಂಬ ವ್ಯವಸ್ಥೆ ಪೂರ್ತಿಯಾದಾಗ ಕೋಲಾರದ ಎರಡು ಕಾರ್ಯಕ್ರಮಗಳ ಫಲ ಗಡಿಯ ಕೊನೆಯ ಹಳ್ಳಿಗೂ ಮುಟ್ಟುತ್ತದೆ.